ತಲೆಗೋಲು ಹಿಡಿದವಳು

ಠಣ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಠಣ್.

ತಮಿಳು ಸೀಮೆಯ ಸಿರುಮುಗೈಯ ಆ ಕನ್ನಡ ನೇಕಾರರ ಬೀದಿಯಲ್ಲಿ ಬೆಳಗಿನ ಐದೂವರೆಗೆ ಹಾರೆ ನೆಲಕ್ಕೆ ಬಡಿಯುವ ಸದ್ದು ಕೇಳಿದರೆ ಅದೇನೆಂದು ಯಾರೂ ಯಾರನ್ನೂ ಕೇಳುವುದಿಲ್ಲ. ಯಾವುದೋ ಮನೆಯ ಹಾಸು ಬೀದಿಗೆ ಬರುತ್ತಿದೆ, ಅದಕ್ಕೆ ಗೂಟ ನೆಡುತ್ತಿದ್ದಾರೆ. ಹಾಸು ಅಂದರೆ ಸೀರೆಯ ಉದ್ದಕ್ಕೆ ಓಡುವ ಸಾವಿರಾರು ಎಳೆಗಳು. ಅವನ್ನು ಗಂಜಿಯಲ್ಲಿ ಅದ್ದಿ, ಬೀದಿಯುದ್ದ ಎಳೆದು ಕಟ್ಟಿ, ಬಿಸಿಲು ಬಲಿಯುವ ಮೊದಲೇ ಕುಂಚದಿಂದ ಬಾಚಿ ಒಣಗಿಸಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ ಅದು. ಹಾಗಾಗಿ ಸದ್ದು ಕೇಳಿದ ಮನೆಮನೆಯಿಂದಲೂ ಒಂದು ಜೊತೆ ಕೈ ಹೊರಗೆ ಬರುತ್ತದೆ. ಕರೆಯುವ ಪದ್ಧತಿಯಿಲ್ಲ, ಕೂಲಿಯ ಮಾತಿಲ್ಲ. ಜಗಳವಾಡಿದವರೂ ಬರುತ್ತಾರೆ. ಮುಖ ತಿರುಗಿಸಿಕೊಂಡೇ ಹಿಡಿದು, ಮುಖ ತಿರುಗಿಸಿಕೊಂಡೇ ಹೋಗುತ್ತಾರೆ.

ಅವತ್ತು ಹಾರೆ ಏಳು ಸಲ ಬಡಿಯಿತು. ಒಂದು ಬಾಗಿಲೂ ತೆರೆಯಲಿಲ್ಲ.

ವಿಜಯಕುಮಾರಿ ಹಾಲಿನ ಪಾತ್ರೆ ಹಿಡಿದು ಒಲೆಯ ಮುಂದೆ ನಿಂತೇ ಇದ್ದಳು. ಅವಳಿಗೆ ನಲವತ್ತಾರು ವರ್ಷ. ಹೊಸ ಸೀರೆಯ ಮಡಿಕೆ ಮುರಿದು ಉಟ್ಟಿದ್ದಳು, ಅವಳೇ ನೇಯ್ದದ್ದು, ಮಾವಿನೆಲೆ ಹಸಿರು, ತೆಳು ಕಂದು ಅಂಚು. ಒಂಬತ್ತು ಗಂಟೆಗೆ ನೇಕಾರರ ಸಂಘದ ಕಟ್ಟಡದಲ್ಲಿ ಹನ್ನೊಂದು ಜನ ನಿರ್ದೇಶಕರು ಸೇರಿ ಅಧ್ಯಕ್ಷರನ್ನು ಆರಿಸುವವರಿದ್ದರು. ನಿಂತವರು ಇಬ್ಬರೇ: ಇವಳು, ಮತ್ತೆ ಹತ್ತು ವರ್ಷದಿಂದ ಆ ಕುರ್ಚಿ ಬಿಡದ ವೆಂಕಟಾಚಲಂ. ಹನ್ನೊಂದರಲ್ಲಿ ಇವಳೂ ಸೇರಿ ಆರು ಜನ ಇವಳ ಕಡೆ. ಹೆಸರು ಕರೆದಾಗ ಎದ್ದು ನಿಂತು "ಇದ್ದೀನಿ" ಅಂದರೆ ಸಾಕು, ಗೆದ್ದಂತೆ. ಕರೆದಾಗ ಇಲ್ಲದಿದ್ದರೆ ಇನ್ನೊಬ್ಬರು ಅಧ್ಯಕ್ಷರಾದಂತೆ. ನಿಯಮ ಅಷ್ಟೇ.

"ಯಾರ ಮನೇದು ಹಾಸು?" ಎಂದು ಮಗ್ಗದ ಕುಳಿಯಿಂದಲೇ ಗಂಡ ಮುರುಗೇಶನ್ ಕೇಳಿದ.

"ನಾಚಿಯಮ್ಮತ್ತೇದು."

ಮುರುಗೇಶನ್ ಲಾಳಿ ನಿಲ್ಲಿಸಿದ.

ನಾಚಿಯಮ್ಮ ವೆಂಕಟಾಚಲಂನ ತಾಯಿ. ಮಗ ಬಸ್ ನಿಲ್ದಾಣದ ಹತ್ತಿರ ಮಾಳಿಗೆ ಮನೆ ಕಟ್ಟಿಕೊಂಡು ಹೋದರೂ ತಾಯಿ ಈ ಬೀದಿ ಬಿಟ್ಟಿರಲಿಲ್ಲ; ಅವನು ಹೆಂಡತಿಯನ್ನು ದಿನಾ ಬೆಳಗ್ಗೆ ತಾಯಿಯ ಕೈಕೆಲಸಕ್ಕೆ ಕಳಿಸುತ್ತಿದ್ದ. ಬೀದಿಯೋ, ಪೂರ್ತಿ ವಿಜಯಕುಮಾರಿಯ ಕಡೆ. ಹಿಂದಿನ ಸಂಜೆ ಅವಳ ಪರವಾಗಿ ಊರೆಲ್ಲ ಓಡಾಡುತ್ತಿದ್ದ ಗೋವಿಂದಸಾಮಿ ತಿಣ್ಣೆಯ ಮೇಲೆ ಕೂತು ತೊಡೆ ತಟ್ಟಿ ಹೇಳಿದ್ದ, "ನಾಳೆ ಮುದುಕಿ ಹಾಸು ಹಾಕ್ತಾಳಂತೆ. ಒಬ್ಬರೂ ಹೋಗೋ ಹಂಗಿಲ್ಲ ಅಂತ ಮನೆಮನೆಗೂ ಹೇಳ್ಬುಟ್ಟೆ ಅಕ್ಕಾ. ಈ ಬೀದಿ ಯಾರ್ದು ಅಂತ ನಮ್ಮ ಅಧ್ಯಕ್ಷ ತಲೈವರಿಗೆ ಗೊತ್ತಾಗ್ಲಿ!"

ವಿಜಯಕುಮಾರಿ ಆಗ ಬೇಡ ಅನ್ನಬಹುದಾಗಿತ್ತು. ಟೀ ಲೋಟ ಕೆಳಗಿಟ್ಟು, "ಸರಿ, ಹೊತ್ತಾಯ್ತು" ಎಂದು ಎದ್ದಿದ್ದಳು. ಒಳಗೆಲ್ಲೋ ಬೆಲ್ಲ ಕರಗಿದ ಹಾಗೆ ಆಗಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ, ರಾತ್ರಿಯ ಪ್ರಾರ್ಥನೆಯಲ್ಲಿ ದೇವರಿಗೂ ಹೇಳಲಿಲ್ಲ.

ಬೆಲ್ಲ ಕರಗಲು ಕಾರಣವಿತ್ತು.

ಭವಾನಿ ಹೊಳೆ ಉಕ್ಕಿ ಬಂದ ವರ್ಷ ಅವಳ ಮಗ್ಗದ ಕುಳಿಯಲ್ಲಿ ಸೊಂಟದ ಮಟ್ಟ ನೀರು ನಿಂತಿತ್ತು. ಹೊಳೆಯ ಕೆಸರು, ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ, ಮುರುಗೇಶನ್‌ಗೆ ಜ್ವರ, ಮತ್ತೆಂದೂ ಓಡಿಯಾಡಿ ಹಾಸು ಹಿಡಿಯಲಾಗದಂತೆ ಬೆನ್ನು ಕೆಡಿಸಿಹೋದ ಜ್ವರ. ಬೀದಿಯವರು ತಂತಮ್ಮ ಕುಳಿಯ ನೀರು ಎತ್ತುವುದರಲ್ಲಿದ್ದರು, ಅದರಲ್ಲಿ ತಪ್ಪೇನಿರಲಿಲ್ಲ. ಆಗ ಹೊಳೆಯಾಚೆಯ ಸಣ್ಣ ದೇವಾಲಯದಿಂದ, ಶಿಲುಬೆಯ ಕೆಳಗೆ ತಗಡು ಹೊದಿಸಿದ ಒಂದೇ ಕೋಣೆ ಅದು, ನಾಲ್ಕು ಹೆಂಗಸರು ಬಕೆಟ್ ಹಿಡಿದು ಬಂದರು. ಮುಂದೆ ಇದ್ದವಳು ಕುಪ್ಪಮ್ಮ, ಕಾರಮಡೈ ರಸ್ತೆಯ ನೂಲಿನ ಗಿರಣಿಯಲ್ಲಿ ಕೆಲಸ ಮಾಡುವವಳು. ಎರಡು ದಿನ ಕುಳಿಯೊಳಗೆ ಇಳಿದು ಕೆಸರು ಎತ್ತಿದರು. ಮಗ್ಗ ಅಂದರೇನು ಅಂತಲೇ ತಿಳಿಯದ ಅವರು ಎಳೆ ಎಳೆಯನ್ನೂ ಬೆರಳಲ್ಲಿ ಒರೆಸಿದರು. ಮೂರನೇ ದಿನ ಏನೂ ಕೇಳದೆ, ಏನೂ ಹೇಳದೆ ಹೋಗಿಬಿಟ್ಟರು. ವಿಜಯಕುಮಾರಿಗೆ ನಿದ್ದೆ ಬರದಿದ್ದದ್ದು ಅದಕ್ಕೇ. ಏನಾದರೂ ಕೇಳಿದ್ದರೆ ಕೊಟ್ಟು ಮುಗಿಸಬಹುದಿತ್ತು. ಒಂದು ಭಾನುವಾರ, ಯಾಕೆ ಬಂದಿರಿ ಅಂತ ಕೇಳುವುದಕ್ಕೆಂದೇ ಹೋದವಳು, ಮುಂದಿನ ಭಾನುವಾರವೂ ಹೋದಳು. ಒಂದು ವರ್ಷದ ಮೇಲೆ ಅದೇ ಭವಾನಿಯಲ್ಲಿ ಮುಳುಗಿ ಎದ್ದು ಕ್ರೈಸ್ತಳಾದಳು. ಆ ಸಭೆಯಲ್ಲಿ ಎಲ್ಲರೂ ತಮಿಳಿನಲ್ಲಿ ಹಾಡುತ್ತಾರೆ, ತಮಿಳಿನಲ್ಲಿ ಬೇಡುತ್ತಾರೆ. ಯೇಸುವಿನ ಹತ್ತಿರ ಕನ್ನಡದಲ್ಲಿ ಮಾತಾಡುವವಳು ಇವಳೊಬ್ಬಳೇ. ಓದಲು ಬರೆಯಲು ಬರುವುದು ತಮಿಳು ಮಾತ್ರ, ಆದರೆ ಮನೆಮಾತಿನಲ್ಲಿ ಹೇಳಿಕೊಂಡರೇ ಅವಳಿಗೆ ಹೇಳಿಕೊಂಡ ಹಾಗಾಗುವುದು.

ಹಾಸು ಕಟ್ಟುವ ಮುಂಚೆ ತಲೆಗೋಲಿಗೆ ಅರಿಸಿನ ದಾರ ಸುತ್ತಿ, ಚೌಡೇಶ್ವರಿಗೆ ಕರ್ಪೂರ ಬೆಳಗುವುದು ಆ ಬೀದಿಯ ರೂಢಿ. ಹೊಳೆಯಿಂದ ಎದ್ದು ಬಂದ ವಾರವೇ ವಿಜಯಕುಮಾರಿ ಎಂದಿನಂತೆ ಕುಂಚ ತಗೊಂಡು ನಾಚಿಯಮ್ಮನ ಹಾಸು ಹಿಡಿಯಲು ಬಂದಿದ್ದಳು. ನಾಚಿಯಮ್ಮ ಅವಳ ಬರಿಯ ಹಣೆ ನೋಡಿದ್ದಳು. "ಅಮ್ಮನ ಬಿಟ್ಟೋಳ ಕೈ ಅಮ್ಮನ ಹಾಸಿನ ಮೇಲೆ ಬೇಡ" ಅಂದಿದ್ದಳು. ಕೂಗಲಿಲ್ಲ. ಮಗಳೇ ಮನೆ ಬಿಟ್ಟು ಹೋದ ಹಾಗೆ ಕಣ್ಣಲ್ಲಿ ನೀರು ತುಂಬಿಕೊಂಡೇ ಅಂದಿದ್ದಳು. ಅವತ್ತಿನಿಂದ ಬೀದಿಯ ಯಾವ ಹಾಸಿನ ಮೇಲೂ ಇವಳ ಕೈ ಬೀಳಲಿಲ್ಲ. ಇವಳ ಹಾಸು ಹಿಡಿಯಲೂ ಯಾರೂ ಬರಲಿಲ್ಲ. ಕುಪ್ಪಮ್ಮನ ಗುಂಪು ಬಂದು ಹಿಡಿಯುತ್ತಿತ್ತು, ಅಡ್ಡಾದಿಡ್ಡಿ ಹಿಡಿಯುತ್ತಿತ್ತು, ಅರ್ಧ ಎಳೆ ಕಿತ್ತು ಹೋಗುತ್ತಿತ್ತು.

ಹಾಗೆ ಏಳು ವರ್ಷ. ಆಮೇಲೆ ಸಂಘದಲ್ಲಿ ವೆಂಕಟಾಚಲಂ ತನ್ನವರಿಗೆ ಮಾತ್ರ ಒಳ್ಳೆ ನೂಲು ಕೊಡುತ್ತಾನೆ ಎಂಬ ಮಾತು ಎದ್ದಾಗ, ಎಲ್ಲರೂ ಮೂಲೆಯಲ್ಲಿ ಗೊಣಗುತ್ತಿದ್ದರೆ ಎದ್ದು ನಿಂತು ಕೇಳಿದವಳು ಇವಳು. ಕೈ ಬೇಡವೆಂದ ಬೀದಿಯೇ ಇವಳ ಬಾಯಿ ಬೇಕೆಂದು ಬಂತು. ಒಂದು ದಿನ ಸಂಘದ ಕಚೇರಿ ಗುಡಿಸುತ್ತಿದ್ದಾಗ, ಯಾರೂ ಇಲ್ಲದ್ದು ನೋಡಿ ಆ ತಿರುಗುವ ಕುರ್ಚಿಯಲ್ಲಿ ಕೂತೂ ನೋಡಿದ್ದಳು. ಬೆನ್ನಿಗೆ ಬಿಳಿ ಟವಲ್ಲು. ಕಿಟಕಿಯಿಂದ ಇಡೀ ಬೀದಿ ಕಾಣುತ್ತದೆ. ಮೊದಲು ಮನಸ್ಸಿಗೆ ಬಂದದ್ದು ಬಾಬಿನ್‌ಗೆ ನೂಲು ಸುತ್ತುವ ಹೆಂಗಸರ ಚಿಲ್ಲರೆ ಕೂಲಿ. ಎರಡನೆಯದು, ನಾಚಿಯಮ್ಮ ಅರ್ಜಿ ಹಿಡಿದು ಆ ಬಾಗಿಲಲ್ಲಿ ನಿಲ್ಲುವುದು. ಎರಡನೆಯದೇ ಹೆಚ್ಚು ಹೊತ್ತು ನಿಂತಿತು.

ಠಣ್. ಎಂಟನೇ ಸಲ.

ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ವಿಜಯಕುಮಾರಿ ಪಾತ್ರೆ ಇಳಿಸಿ, ಹಿಂದೆ ಬೀದಿಯವರ ಹಾಸುಗಳಿಗೆ ಒಯ್ಯುತ್ತಿದ್ದ ಕುಂಚವನ್ನು ಅಟ್ಟದಿಂದ ಎಳೆದುಕೊಂಡಳು. ಅದರ ನಾರಿನ ತುಂಬ ಧೂಳು.

"ಒಂಬತ್ತು ಗಂಟೆ," ಅಂದ ಮುರುಗೇಶನ್.

"ಎಂಟೂವರೆಗೆ ಹಾಸು ಎತ್ಬುಡ್ತಾರೆ. ಅಲ್ಲಿಂದ ಸಂಘಕ್ಕೆ ಅಯ್ದು ನಿಮಿಷ. ಏನೀಗ?"

"ಆ ಸೀರೆ ಉಟ್ಕೊಂಡೇ ಗಂಜಿಗೆ ಹೋಗ್ತೀಯಾ?"

ಅವಳು ಆಗಲೇ ಬೀದಿಯಲ್ಲಿದ್ದಳು.

ಹಾಸು ಬೀದಿಯ ನಡುವೆ ಒದ್ದೆಯಾಗಿ ಮಲಗಿತ್ತು. ಎತ್ತಲು ಜನವಿಲ್ಲ. ನಾಚಿಯಮ್ಮ ಒಂದು ತುದಿಯಲ್ಲಿ, ವೆಂಕಟಾಚಲಂನ ಹೆಂಡತಿ ನಡುವೆ, ಕಣ್ಣು ಮಂಜಾದ, ಅವಳ ಮನೆಯವರೇ ಆದ ಇಬ್ಬರು ಅಜ್ಜಂದಿರು ಇನ್ನೊಂದು ಕಡೆ. ಅಷ್ಟೇ. ಗಂಜಿ ಹಾಕಿಯಾಗಿದೆ, ಇನ್ನು ಹಿಂದೆ ಹೋಗುವಂತಿಲ್ಲ. ಎಳೆದು ಕಟ್ಟದಿದ್ದರೆ ಎರಡು ಗಂಟೆಯಲ್ಲಿ ಅಷ್ಟೂ ಎಳೆ ಅಂಟಿಕೊಂಡು ಹಗ್ಗವಾಗುತ್ತದೆ.

ವಿಜಯಕುಮಾರಿ ದೂರದಲ್ಲೇ ನಿಂತಳು. ಕರ್ಪೂರ ಉರಿದು ಮುಗಿಯುವ ತನಕ ಕೈಕಟ್ಟಿ ನಿಂತೇ ಇದ್ದಳು. ಮುದುಕಿ ತಿರುಗಿ ನೋಡಿದಳು. ಮೊದಲು ಹಣೆ, ಆಮೇಲೆ ಹಸಿರು ಸೀರೆ, ಆಮೇಲೆ ಕೈಯ ಕುಂಚ.

"ಯಾರು ಕಳಿಸಿದ್ರು ನಿನ್ನ? ನಗೋಕೆ ಬಂದ್ಯಾ?"

"ಸದ್ದು ಕೇಳಿಸ್ತು ಅತ್ತೆ. ಬಂದೆ."

"ನಿನ್ನೆ ಕೇಳಿಸಲಿಲ್ವಾ ಆ ಗೋವಿಂದಸಾಮಿ ಸದ್ದು? ಬೀದಿಗೆಲ್ಲಾ ಕೇಳಿಸ್ತು."

ವಿಜಯಕುಮಾರಿಯ ಮುಖ ಕಾದುಹೋಯಿತು. "ಕೇಳಿಸ್ತು. ಸುಮ್ಮನಿದ್ದೆ. ತಪ್ಪು ನಂದೇ."

ಮುದುಕಿ ಬಾಗಿ ಹಾಸಿನ ಎಳೆ ಮುಟ್ಟಿ ನೋಡಿದಳು. ಪೂರ್ವದ ಗುಡ್ಡದ ಮೇಲೆ ಬೆಳಕು ಹಳದಿಯಾಗುತ್ತಿತ್ತು. ಅಂಚಿನಲ್ಲಿ ಗಂಜಿ ಆಗಲೇ ಒಣಗತೊಡಗಿತ್ತು.

"ನೋಡ್ತಾ ಏನು ನಿಂತೆ? ತಲೆಗೋಲು ಹಿಡಿ!"

ಹಾಸಿನ ಒಂದು ತುದಿ ಗೂಟಕ್ಕೆ, ಇನ್ನೊಂದು ತುದಿಯ ಕೋಲೇ ತಲೆಗೋಲು; ಎಳೆ ಒಣಗಿದ ಹಾಗೆ ಬಿಗುವು ಹೊಂದಿಸಬೇಕಾದ್ದರಿಂದ ಅದನ್ನು ಕಟ್ಟಿಬಿಡುವಂತಿಲ್ಲ, ಕೈಯಲ್ಲೇ ಹಿಡಿಯಬೇಕು. ಅದನ್ನು ಹಿಡಿದವರ ಮೈಯಲ್ಲೇ ಇಡೀ ಹಾಸಿನ ಬಿಗುವು. ಹೆಚ್ಚು ಎಳೆದರೆ ಹರಿಯುತ್ತದೆ, ಸಡಿಲಿಸಿದರೆ ಅಂಟುತ್ತದೆ. ಬೀದಿಯಲ್ಲಿ ಗಟ್ಟಿ ಕೈಯಿದ್ದವರಿಗೆ ಮಾತ್ರ ಕೊಡುವ ಜಾಗ ಅದು. ಕೋಲನ್ನು ಹೊಟ್ಟೆಗೆ ಒತ್ತಿಕೊಂಡು ಹಿಂದಕ್ಕೆ ವಾಲಿದಾಗ ಅರವತ್ತು ಅಡಿ ರೇಷ್ಮೆ ನೆಲದಿಂದ ಎದ್ದಿತು. ನೀರು ಝಲ್ಲೆಂದು ಸುರಿಯಿತು. ವಿಜಯಕುಮಾರಿಯ ಮೈ ಝುಮ್ಮೆಂದಿತು. ಏಳು ವರ್ಷದ ಮೇಲೆ ಬೀದಿಯ ಹಾಸು! ಒಂದೊಂದು ಎಳೆಯೂ ಅವಳ ಅಂಗೈಗೆ ಬೇರೆ ಬೇರೆಯಾಗಿ ಮಾತಾಡುತ್ತಿತ್ತು.

"ಬಾಚ್ರೀ, ಬಾಚ್ರೀ! ಅಜ್ಜಾ, ಎಡಗಡೆ ಬಿಟ್ಟೋಯ್ತು!"

ಕುಂಚಗಳು ಓಡತೊಡಗಿದವು. ಹತ್ತು ಜನ ಮಾಡುವುದನ್ನು ನಾಲ್ಕು ಜನ ಓಡಿ ಓಡಿ ಮಾಡಿದರು. ಮುದುಕಿ ಎಪ್ಪತ್ತೆರಡನೇ ವಯಸ್ಸಿನಲ್ಲಿ ಸೀರೆ ಎತ್ತಿ ಕಟ್ಟಿ ಹುಡುಗಿಯ ಹಾಗೆ ಬಾಗಿ ಓಡಿದಳು. ಹಾಲಿನ ಮೊಪೆಡ್ಡು ಬಂದು ನಿಂತಿತು, ಹಾರ್ನ್ ಹೊಡೆಯಿತು, ಸುತ್ತಿಕೊಂಡು ಹೋಯಿತು. ಮುಚ್ಚಿದ ಕಿಟಕಿಗಳ ಹಿಂದೆ ನೆರಳುಗಳು ಅಲ್ಲಾಡಿದವು.

ಏಳೂವರೆಗೆ ಗೋವಿಂದಸಾಮಿ ಬಂದ. ಬಿಳಿ ಶರ್ಟು, ಜೇಬಿನಲ್ಲಿ ಎರಡು ಫೋನು, ಕೈಯಲ್ಲಿ ಹೂವಿನ ಹಾರದ ಪೊಟ್ಟಣ. ಕಂಡದ್ದು ನಂಬಲಾಗದೆ ಪೊಟ್ಟಣ ಎದೆಗೆ ಅವುಚಿಕೊಂಡ.

"ಅಕ್ಕಾ! ಏನಕ್ಕಾ ಇದು ನಾಟಕ? ಬಿಡು, ಬಿಡು, ಹೊರಡು!"

"ಬಿಟ್ರೆ ಬೀಳ್ತದೆ. ಒಂದು ಕೆಲಸ ಮಾಡು ತಮ್ಮಾ. ನಿಮ್ಮ ಮನೆಯಿಂದ, ಪಕ್ಕದ ಮನೆಯಿಂದ ನಾಲ್ಕು ಜನಾನ ಕಳಿಸು. ಎಂಟೂಕಾಲಕ್ಕೆ ಹಾಸು ಎತ್ತೋಣ. ನಾನು ಓಡಿ ಬರ್ತೀನಿ."

"ಹೋಗ್ಬೇಡಿ ಅಂತ ನಾನೇ ಹೇಳ್ಬುಟ್ಟು, ಈಗ ಹೋಗಿ ಅನ್ನೋದಾ? ನನ್ನ ಮಾನ ಏನಾಗೋದು?"

"ನಿನ್ನ ಮಾನಕ್ಕೆ ನಾನು ಗಂಜಿ ಹಾಕ್ಸಿ ಕೊಡ್ತೀನಿ, ನೆಟ್ಟಗೆ ನಿಲ್ತದೆ. ಹೋಗು, ಕಳಿಸು."

ಅಜ್ಜಂದಿರಲ್ಲಿ ಒಬ್ಬ ಕಿಸಕ್ಕೆಂದು ನಕ್ಕ. ಗೋವಿಂದಸಾಮಿಯ ಮುಖ ಕೆಂಪಾಯಿತು. "ಎದುರಾಳಿ ತಾಯಿಗೆ ಹಾಸು ಹಿಡಿಯೋ ತಲೈವಿನ ನಾನು ಎಲ್ಲೂ ನೋಡಿಲ್ಲ. ಹೆಸರು ಕರೆಯೋಕೆ ಮುಂಚೆ ನೀನೇ ಬರ್ತೀಯ ಅಕ್ಕಾ. ನಂಗೊತ್ತು." ಹೋಗಿಬಿಟ್ಟ. ಅವನು ಮಣಿಯುತ್ತಾನೆಂದು ಇವಳು, ಇವಳು ಮಣಿಯುತ್ತಾಳೆಂದು ಅವನು.

ಎಂಟಾಯಿತು. ಎಂಟೂಕಾಲಾಯಿತು. ಯಾರೂ ಬರಲಿಲ್ಲ. ಹಾಸು ಅರ್ಧ ಒಣಗಿತ್ತು, ಇನ್ನರ್ಧ ಹಸಿ. ಬಿಸಿಲು ಬೆನ್ನಿಗೆ ತಾಗತೊಡಗಿತು. ಸಂಘದ ಕಡೆಯಿಂದ ಮೈಕಿನ ಕರಕರ ಕೇಳಿಸಿತು. ಸೊಂಟದಲ್ಲಿ ಸಿಕ್ಕಿಸಿದ ಫೋನು ಕುಣಿಯುತ್ತಲೇ ಇತ್ತು. ಎರಡೂ ಕೈ ಕೋಲಿನ ಮೇಲೆ.

"ನಿನ್ನ ಯೇಸುಸಾಮಿ ನಿಂಗೆ ಓಟು ಹಾಕಲ್ವಾ?" ಎಂದು ಕುಂಚ ಎಳೆಯುತ್ತ ಬಂದ ನಾಚಿಯಮ್ಮ ಕೇಳಿದಳು. ಚುಚ್ಚಿದಳೋ, ಸಂಕಟಪಟ್ಟಳೋ ತಿಳಿಯಲಿಲ್ಲ.

"ನಮ್ಮ ಸಾಮಿಗೆ ಓಟೆಲ್ಲಿ ಅತ್ತೆ, ರೇಷನ್ ಕಾರ್ಡೇ ಇಲ್ಲ."

ಮುದುಕಿಗೆ ನಗು ತಡೆಯಲಾಗಲಿಲ್ಲ. ನಕ್ಕದ್ದಕ್ಕೆ ಸಿಟ್ಟು ಬಂದು ಇನ್ನೂ ಜೋರಾಗಿ ಬಾಚಿದಳು.

ಎಂಟೂ ನಲವತ್ತಕ್ಕೆ ಗಿರಣಿಯ ಬಸ್ಸು ತಿರುವಿನಲ್ಲಿ ನಿಂತಿತು. ಪಾಳಿ ಮುಗಿಸಿದ ಕುಪ್ಪಮ್ಮ ತಲೆಯಲ್ಲಿ ಹತ್ತಿಯ ಚೂರುಗಳೊಂದಿಗೆ ಓಡಿ ಬಂದಳು. ಅವಳ ಮಾತು ತಮಿಳು. ಬಂದವಳೇ ಕೋಲಿಗೆ ಕೈಹಾಕಿದಳು. ತಾನು ಹಿಡಿಯುತ್ತೇನೆ, ಏಳು ವರ್ಷ ನಿನ್ನ ಹಾಸು ಹಿಡಿದಿಲ್ಲವಾ, ನೀನು ಓಡು ಓಡು ಅಂದಳು.

ವಿಜಯಕುಮಾರಿ ಲೆಕ್ಕ ಹಾಕಿದಳು. ಇನ್ನೂ ಇಪ್ಪತ್ತು ನಿಮಿಷವಿದೆ! ಕೋಲನ್ನು ಮೆಲ್ಲಗೆ ಕುಪ್ಪಮ್ಮನ ಹೊಟ್ಟೆಗೆ ಒರಗಿಸಿ, ಬೆರಳು ಒಂದೊಂದಾಗಿ ಬಿಡಿಸಿಕೊಂಡು, ಸೆರಗು ಹೊದ್ದು ಹೊರಟಳು. ಒಂದು, ಎರಡು, ಮೂರು, ನಾಲ್ಕು ಹೆಜ್ಜೆ. ತಿರುವಿನಲ್ಲಿ ಸಂಘದ ಬಣ್ಣದ ಕಾಗದದ ತೋರಣ ಕಾಣಿಸಿತು. ಐದು.

ಟಪ್. ಟಪಟಪ ಟಪ್.

"ಎಳೆ ಹೋಯ್ತು!" ಎಂದು ನಾಚಿಯಮ್ಮ ಕೂಗಿದಳು. "ಅಯ್ಯೋ ಅಮ್ಮಾ, ಹೋಯ್ತೂ!"

ಕುಪ್ಪಮ್ಮ ಬಿಟ್ಟಿರಲಿಲ್ಲ. ಪಾಪ, ಪ್ರೀತಿಯಿಂದ ಬಿಗಿಯಾಗಿ ಹಿಡಿದಿದ್ದಳು. ಬಿಗಿಯಾದದ್ದೇ ಹೆಚ್ಚಾಗಿತ್ತು. ಬಲ ಅಂಚಿನಲ್ಲಿ ಇಪ್ಪತ್ತು ಮೂವತ್ತು ಎಳೆ ತುಂಡಾಗಿ ಗಾಳಿಯಲ್ಲಿ ಸುರುಳಿಯಾಗುತ್ತಿದ್ದವು.

ವಿಜಯಕುಮಾರಿ ನಡುಬೀದಿಯಲ್ಲಿ ನಿಂತಳು. ಮುಂದೆ ತೋರಣ, ಹಿಂದೆ ಟಪ್ ಎಂಬ ಇನ್ನೊಂದು ಸದ್ದು. ಆ ಗಳಿಗೆಯಲ್ಲಿ ಅವಳಿಗೆ ನೆನಪಾದದ್ದು ದೊಡ್ಡ ಮಾತೇನಲ್ಲ. ಪ್ರತಿ ವರ್ಷ ಆ ತಗಡಿನ ಕೋಣೆಯಲ್ಲಿ ಪವಿತ್ರ ಗುರುವಾರದ ಸಂಜೆ ಸಾಯುವ ಹಿಂದಿನ ರಾತ್ರಿ ಯೇಸು ಶಿಷ್ಯರ ಕಾಲು ತೊಳೆದ ಹಾಗೆ, ಪಾದ್ರಿಗಳು ನೆಲದಲ್ಲಿ ಕೂತು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಮೊದಲ ವರ್ಷ ಅವಳು ಕೇಳಿದ್ದಳು, ಯೇಸುವನ್ನು ವೈರಿಗಳಿಗೆ ಹಿಡಿದುಕೊಟ್ಟ ಶಿಷ್ಯ ಎದ್ದುಹೋದ ಮೇಲೆ ತೊಳೆದರಾ, ಇರುವಾಗಲೇ ತೊಳೆದರಾ ಅಂತ. ಇರುವಾಗಲೇ ಅಮ್ಮಾ, ಅವನ ಕಾಲನ್ನೂ ಸೇರಿಸಿಯೇ, ಅಂದಿದ್ದರು. ಅವತ್ತು ಅವಳಿಗೆ ಅದು ತುಂಬಾ ಕಷ್ಟದ ಮಾತಾಗಿ ಕಂಡಿತ್ತು. ಈಗ ನೋಡಿದರೆ ಐದು ಹೆಜ್ಜೆಯಷ್ಟೇ ದೂರ.

ತಿರುಗಿ ಓಡಿದಳು. ಕೋಲು ಹಿಡಿದಳು. ಹಾಸು ಒಮ್ಮೆ ನಡುಗಿ ಸಮಾಧಾನವಾಯಿತು.

"ಕುಪ್ಪಮ್ಮಾ, ನೀನು ಕುಂಚ ತಗೋ. ಅತ್ತೆ, ಬಲಗಡೆ ಎಳೆ ಜೋಡಿಸಿ, ನಾನು ಅಲ್ಲಾಡೋದಿಲ್ಲ."

"ಹೋಗೇ ಹುಚ್ಚೀ!" ಮುದುಕಿ ಕುಂಚ ಎತ್ತಿ ತಿರುವಿನ ಕಡೆ ತೋರಿಸಿದಳು. "ಹೋದ್ರೆ ಹೋಯ್ತು ಹಾಸು! ಅಲ್ಲಿ ಕರೀತಾರೆ!"

"ಕರೀಲಿ. ಜೋಡಿಸ್ತೀರಾ ಇಲ್ವಾ?"

ಒಂಬತ್ತಕ್ಕೆ ಮೈಕಿನಲ್ಲಿ ಹೆಸರು ಕೇಳಿಸಿತು. ವಿಜಯಕುಮಾರಿ ಮುರುಗೇಶನ್. ಎರಡನೇ ಸಲ ಕೇಳಿಸಿತು. ಗೋವಿಂದಸಾಮಿ ಏನೋ ಕಿರುಚುತ್ತಿದ್ದ. ಮೂರನೇ ಸಲ. ಕೋಲನ್ನು ಹೊಟ್ಟೆಗೆ ಒತ್ತಿಕೊಂಡು, ಯಾರಿಗೂ ಕೇಳಿಸದ ಹಾಗೆ, ಮನೆಮಾತಿನಲ್ಲಿ ಅವಳು ಹೇಳಿದಳು, "ಇದ್ದೀನಿ."

ಪಟಾಕಿ ಸಿಡಿಯಿತು. ವೆಂಕಟಾಚಲಂ ಮತ್ತೆ ಅಧ್ಯಕ್ಷ. ಅವಳು ಕಾಯುತ್ತಿದ್ದಳು, ಈಗ ಸಂಕಟ ಬರುತ್ತದೆ, ಈಗ ಬರುತ್ತದೆ ಎಂದು. ಬಾಬಿನ್ ಹೆಂಗಸರ ನೆನಪಾಗಿ ಸ್ವಲ್ಪ ಬಂತು, ನಿಜ. ಆದರೆ ಅದರ ಹಿಂದೆಯೇ ಬಂದದ್ದು ಬೇರೆ. ಕುಳಿಯ ಕೆಸರು ಎತ್ತಿ ಏನೂ ಕೇಳದೆ ಹೋದ ಆ ನಾಲ್ಕು ಹೆಂಗಸರು ಮನೆಗೆ ಹೋಗುವಾಗ ಹೇಗಿದ್ದಿರಬೇಕು ಅಂತ ಅವಳಿಗೆ ಇವತ್ತು ಗೊತ್ತಾಯಿತು. ಕುಣಿಯಬೇಕು ಅನ್ನಿಸಿತು. ಕೋಲು ಹಿಡಿದವಳು ಕುಣಿಯುವಂತಿಲ್ಲ.

ನಾಚಿಯಮ್ಮ ಬಾಗಿ, ಉಗುಳಿನಲ್ಲಿ ಬೆರಳು ಒದ್ದೆ ಮಾಡಿಕೊಂಡು, ಕೊನೆಯ ಎಳೆ ಹೊಸೆಯುತ್ತಿದ್ದಳು. ಧನ್ಯವಾದ ಎಂಬ ಮಾತು ಆ ಬೀದಿಯಲ್ಲಿಲ್ಲ. ಹಾಸು ಸುತ್ತಿ ಎತ್ತಿದ ಮೇಲೆ ವಿಜಯಕುಮಾರಿಯ ಗಂಜಿಗೈ ಹಿಡಿದು, ತಿರುಗಿಸಿ ನೋಡಿ, "ಒಳ್ಳೆ ಸೀರೆ ಹಾಳು ಮಾಡ್ಕೊಂಡೆ" ಎಂದಷ್ಟೇ ಅಂದಳು.

ಎರಡು ದಿನ ಬಿಟ್ಟು, ಬೆಳಗ್ಗೆ ಐದೂವರೆಗೇ ವೆಂಕಟಾಚಲಂ ಇವಳ ತಿಣ್ಣೆಯ ಮೇಲೆ ಬಂದು ಕೂತ. ಹೆಗಲಿಗೆ ಹೊಸ ಟವಲ್ಲು. ಮುಖದಲ್ಲಿ ಗೆದ್ದವನ ಕಳೆ ಮಾತ್ರ ಇರಲಿಲ್ಲ.

"ಅಮ್ಮ ನನ್ನ ಹತ್ರ ಮಾತೇ ಆಡ್ತಾ ಇಲ್ಲ," ಅಂದ. "ಸರಿ, ಅದು ಬಿಡು. ಉಪಾಧ್ಯಕ್ಷೆ ಅಂತ ನಿನ್ನ ಹೆಸರು ಬರೆಸ್ತೀನಿ. ನಿನ್ನ ಅಯ್ದು ಜನಾನೂ ಕರ್ಕೊಂಡು ಬಾ. ನಾವಿಬ್ಬರೂ ಸೇರಿದ್ರೆ ಅಯ್ದು ವರ್ಷ ಯಾರೂ ಉಸಿರು ಬಿಡೋ ಹಂಗಿಲ್ಲ. ಏನಂತೀಯ?"

"ಉಸಿರು ಬಿಡ್ಲಿ ಅಣ್ಣಾ, ಪಾಪ. ಕುರ್ಚಿ ನೀವೇ ಇಟ್ಕೊಳ್ಳಿ. ನಾನು ಕೇಳೋದು ಒಂದೇ. ಆ ಬಾಬಿನ್ ಸುತ್ತೋ ಹೆಂಗಸರು ಇದಾರಲ್ಲ, ಅವರ..."

ಠಣ್.

ಬೀದಿಯ ಆ ತುದಿಯಿಂದ. ಸ್ವಲ್ಪ ಅಂಜುತ್ತಂಜುತ್ತ, ಮತ್ತೊಮ್ಮೆ, ಠಣ್. ಗೋವಿಂದಸಾಮಿಯ ಮನೆ. ಇವಳನ್ನು ಸೋಲಿಸಿದವನೆಂದು ಅರ್ಧ ಬೀದಿ ಅವನ ಮೇಲೆ ಕೋಪದಲ್ಲಿತ್ತು, ಮುದುಕಿಯ ಹಾಸು ಹಿಡಿಯಲು ಅಡ್ಡ ನಿಂತವನೆಂದು ಇನ್ನರ್ಧ. ಅವನು ಇವಳ ಜೊತೆ ಮಾತು ಬಿಟ್ಟು ಎರಡು ದಿನವಾಗಿತ್ತು.

ವಿಜಯಕುಮಾರಿ ಬಾಗಿಲ ಹಿಂದಿನ ಕುಂಚ ತೆಗೆದುಕೊಂಡಳು. ಈ ಸಲ ಅದರಲ್ಲಿ ಧೂಳಿರಲಿಲ್ಲ.

"ಅಲ್ಲಿಗಾ?" ವೆಂಕಟಾಚಲಂ ಎದ್ದೇ ನಿಂತ. "ಅವನು ನಿನ್ನ ಮುಖಾನೂ ನೋಡೋದಿಲ್ಲಮ್ಮಾ!"

"ಮುಖ ಯಾಕೆ ಅಣ್ಣಾ, ಹಾಸು ಹಿಡಿಯೋಕೆ ಕೈ ಸಾಕು." ಎದುರು ಮನೆಯ ಬಾಗಿಲು ಕಿರ್ರೆಂದಿತು. ನಾಚಿಯಮ್ಮ ಸೀರೆ ಎತ್ತಿ ಕಟ್ಟುತ್ತ, ಯಾರ ಕಡೆಯೂ ನೋಡದೆ, ಆಗಲೇ ಬೀದಿಗಿಳಿದಿದ್ದಳು. "ನೀವೂ ಬನ್ನಿ, ಬರ್ತಾ ಮಾತಾಡೋಣ. ನಾನು ಏನು ಹೇಳ್ತಾ ಇದ್ದೆ ಅಂದ್ರೆ, ಆ ಹೆಂಗಸರಿಗೆ ದಿನಕ್ಕೆ ಕಮ್ಮಿ ಅಂದ್ರೂ," ಎನ್ನುತ್ತಲೇ ಮೆಟ್ಟಿಲಿಳಿದು, ಮುದುಕಿಯನ್ನು ಹಿಡಿಯಲು ಹೆಜ್ಜೆ ಜೋರು ಮಾಡಿ, "ಕಮ್ಮಿ ಅಂದ್ರೂ ಒಂದು ಐವತ್ತು ರೂಪಾಯಿ ಜಾಸ್ತಿ ಸಿಗ್ಬೇಕು ಅಣ್ಣಾ," ಅಂದಳು.